ಅವ್ವನ ಹರಕೆ, ನನ್ನ ಬಾಯಿ

ನಮ್ಮ ಮನೆಯಲ್ಲಿ ಕೋಳಿ ಕುಯ್ಯಬೇಕಾದರೆ ಇವತ್ತಿಗೂ ನನ್ನನ್ನೇ ಕರೆಯುತ್ತಾರೆ. ಸೊಸೆಗೆ ಕೈ ನಡುಗುತ್ತದೆ, ನನಗೆ ನಡುಗುವುದಿಲ್ಲ. ಕುಯ್ದು, ಪುಕ್ಕ ಕಿತ್ತು, ಸುಟ್ಟು, ತುಂಡು ಮಾಡಿ ಕೊಟ್ಟು, ಕೈ ತೊಳೆದು ಬಂದು ನಾನು ತಿಳಿಸಾರು ಅನ್ನ ಉಣ್ಣುತ್ತೇನೆ. ನೀಸು ನನ್ನ ಬಾಯಿಗೆ ಬಿದ್ದು ಅರವತ್ತು ವರ್ಷದ ಮೇಲಾಯಿತು. ನೀಸು ಅಂದರೆ ನಮ್ಮ ಕಡೆ ಮೀನು, ಮಾಂಸ, ಮೊಟ್ಟೆ ಎಲ್ಲಾ ಸೇರಿ.

ಈಗ ಮದುವೆ ಮನೆಗಳಲ್ಲಿ ಕೇಳುತ್ತಾರೆ, ಅಜ್ಜಿ ನೀವು ವೆಜ್ಜಾ ಅಂತ. ಹೌದು ಅಂದರೆ ಯಾಕೆ ಅಂತ ಕೇಳುತ್ತಾರೆ. ನಿಮ್ಮ ಜನ ಎಲ್ಲಾ ತಿನ್ನುತ್ತಾರಲ್ಲ, ನಿಮಗೇನು, ಪ್ರಾಣಿ ದಯೆಯಾ, ಯಾವುದಾದರೂ ಸ್ವಾಮಿಗಳ ಮಾತಾ, ಇಲ್ಲಾ ಬಿಪಿ ಶುಗರಾ ಅಂತ. ದಯೆ ಗಿಯೆ ನನಗಿಲ್ಲ. ಸ್ವಾಮಿಗಳು ನನ್ನನ್ನು ಕಂಡೂ ಇಲ್ಲ. ಹುಟ್ಟಿನಿಂದ ತಿನ್ನದವರಿಗೆ ಅದು ಮನೆಯ ರೂಢಿ. ಕೆಲವರು ಜೀವ ಹೋಗುವುದು ನೋಡಲಾರದೆ ಬಿಡುತ್ತಾರೆ, ಅವರದ್ದು ದೊಡ್ಡ ಮನಸ್ಸು. ನನ್ನದು ಎರಡೂ ಅಲ್ಲ. ನಂದು ಬೇರೆಯವರು ಮಾಡಿದ ತೀರ್ಮಾನ, ಸಾಗಿಸಿದ್ದು ನಾನು.

ಮೊನ್ನೆ ನಮ್ಮ ಬೀದಿಯ ಒಬ್ಬಳು ಬಸುರಿಗೆ ಮೈಯಲ್ಲಿ ರಕ್ತ ಇಲ್ಲ ಅಂತ ಆಸ್ಪತ್ರೆಯಲ್ಲಿ ಹೇಳಿದರಂತೆ. ಜಗಲಿ ಮೇಲೆ ಕೂತು ಅಳುತ್ತಿದ್ದಳು. ಅವಳಿಗೆ ಸ್ವಲ್ಪ ಹೇಳಿದೆ. ಪೂರ್ತಿ ಹೇಳಲಿಲ್ಲ. ಪೂರ್ತಿಯದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸಿನ ಅರ್ಧ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಳ್ಳಿ.

ನನ್ನನ್ನು ಹೊಸಬಾಳೆಯಿಂದ ಜಡೆಗೆ ಕೊಟ್ಟಿದ್ದರು. ನಯಾಪೈಸೆ ಆಗ ತಾನೇ ಬಂದು, ಬಸ್ಸಿನಲ್ಲಿ ಕಂಡಕ್ಟರ ಜೊತೆ ಜನ ದಿನಾ ಜಗಳ ಆಡುತ್ತಿದ್ದ ಕಾಲ. ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಮೊದಲ ಮಗು ಎಂಟು ದಿನ ಇತ್ತು, ಹೋಯಿತು. ಎರಡನೆಯದು ಹುಟ್ಟುವಾಗಲೇ ಉಸಿರಿರಲಿಲ್ಲ. ಅದಾದ ಮೇಲೆ ನಾನು ಬೆಳ್ಳಗಾದೆ. ಮೊದಲು ಯಾರೋ ಬಾಣಂತಿ ಬಣ್ಣ ಬಂದಿದೆ ಅಂದರು. ಆಮೇಲೆ ಕಾಲು ಊದಿತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಇರುತ್ತಿತ್ತು. ಬಾವಿಯಿಂದ ಒಂದು ಕೊಡ ತಂದರೆ ಎದೆ ಡವಡವ ಅಂತ ಕಿವಿಯಲ್ಲೇ ಕೇಳುತ್ತಿತ್ತು.

ಇನ್ನೊಂದು ವಿಷಯ, ನಾಚಿಕೆಯದು. ನಾನು ಮಣ್ಣು ತಿನ್ನುತ್ತಿದ್ದೆ. ಭತ್ತ ತುಂಬಿಡುವ ಪಣತದ ಹಿಂದಿನ ಗೋಡೆಯ ಮಣ್ಣು ಕೆರೆದು ಕೆರೆದು ತಿನ್ನುತ್ತಿದ್ದೆ. ಆ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು. ಗೋಡೆಯಲ್ಲಿ ತೂತು ಕಂಡು ನಮ್ಮತ್ತೆ ಹೆಗ್ಗಣ ಅಂತ ತಿಳಿದು ಬೋನು ಇಟ್ಟರು. ಬೋನು ಖಾಲಿ, ತೂತು ದೊಡ್ಡದು. ಒಂದು ದಿನ ನಾನೇ ಸಿಕ್ಕಿಬಿದ್ದೆ, ಬಾಯ ತುಂಬ ಮಣ್ಣು. ಅತ್ತೆ ಬೈಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರು. ಬೈದಿದ್ದರೇ ಚೆನ್ನಾಗಿತ್ತು. ಅವತ್ತಿನಿಂದ ನನ್ನ ತಟ್ಟೆ ಬೇರೆ ಆಯಿತು, ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು. ಇವಳಿಗೆ ಎಂತದೋ ಹೊಕ್ಕಿದೆ, ಎರಡು ಕೂಸು ತಿಂದು ಈಗ ಮನೆ ಗೋಡೆ ತಿನ್ನುತ್ತಿದ್ದಾಳೆ ಅಂತ ಊರಲ್ಲಿ ಆಯಿತು. ನೀವೂ ಹಂಗೆ ಮಣ್ಣು, ಇದ್ದಿಲು, ಹಸಿ ಅಕ್ಕಿ ತಿನ್ನುತ್ತಿದ್ದರೆ ಅದು ದೆವ್ವ ಅಲ್ಲ, ಕಾಯಿಲೆ. ಡಾಕ್ಟರಿಗೆ ಹೇಳಿ. ನನಗೆ ಆಗ ಯಾರೂ ಹಾಗೆ ಹೇಳಲಿಲ್ಲ.

ನಮ್ಮ ಮನೆಯವರು ಮಾತು ಕಮ್ಮಿಯ ಮನುಷ್ಯ. ಒಂದು ಬೆಳಗ್ಗೆ ಸೀರೆ ಉಟ್ಟುಕೋ ಅಂದರು, ಉಟ್ಟುಕೊಂಡೆ. ಸೊರಬದ ದವಾಖಾನೆಯಲ್ಲಿ ನೋಡಿ, ಇದು ನಮ್ಮ ಕೈಲಿ ಆಗೋದಲ್ಲ, ಶಿಕಾರಿಪುರಕ್ಕೆ ಕರಕೊಂಡು ಹೋಗಿ ಅಂದರು. ಮತ್ತೆ ಬಸ್ಸು. ಪಕ್ಕದಲ್ಲಿ ಕೂತವನೊಬ್ಬ ನನ್ನ ಮುಖ ನೋಡಿ ಎದ್ದು ನಿಂತ. ಪುಣ್ಯಾತ್ಮ ಜಾಗ ಕೊಟ್ಟ ಅಂದುಕೊಂಡೆ. ಅವನು ಕಂಡಕ್ಟರಿಗೆ ಹೇಳುತ್ತಿದ್ದದ್ದು ಕೇಳಿಸಿತು, ಇದು ದಾರಿಯಲ್ಲೇ ಹೋದರೆ ನಮಗೆಲ್ಲ ಪೊಲೀಸ್ ತಾಪತ್ರಯ ಅಂತ.

ಶಿಕಾರಿಪುರದ ದವಾಖಾನೆಯ ಹೊರಗಿನ ಕಟ್ಟೆ ಮೇಲೆ ಮಧ್ಯಾಹ್ನದವರೆಗೆ ಕೂತೆವು. ನಮ್ಮ ಮುಂದೆ ಇದ್ದವರಲ್ಲಿ ಒಬ್ಬಳು ತನ್ನ ಮಗುವಿಗೆ ಕೊಡುತ್ತಿದ್ದ ಬೆಲ್ಲದ ಚೂರಿನಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. ಹೆಸರು ಕೇಳಲಿಲ್ಲ. ಹೇಳಿಕೊಳ್ಳುವಂತಹ ಒಳ್ಳೆಯದು ಅವತ್ತು ಅದೊಂದೇ.

ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು, ಉಗುರು ನೋಡಿದರು. ಇಷ್ಟು ರಕ್ತದಲ್ಲಿ ಇಲ್ಲಿವರೆಗೆ ಹೆಂಗೆ ಬಂದೆಯಮ್ಮ ಅಂದರು. ಬಸ್ಸಲ್ಲಿ ಅಂದೆ. ಅವರು ನಗಲಿಲ್ಲ. ಹೊಟ್ಟೆಯಲ್ಲಿ ಹುಳ ಇದೆ, ಎರಡು ಹೆರಿಗೆಯಲ್ಲಿ ರಕ್ತ ಹೋಗಿದೆ, ಇಲ್ಲೇ ಸೇರಿಸಬೇಕು ಅಂದರು. ಹೆಂಗಸರ ವಾರ್ಡಿನಲ್ಲಿ ಆರು ಮಂಚ. ಗೋಡೆ ಪಕ್ಕದ್ದು ನನ್ನದಾಯಿತು. ಗಂಡಸರು ಒಳಗೆ ಇರುವ ಹಾಗಿಲ್ಲ. ಮನೆಯವರು ಬಾಗಿಲಲ್ಲಿ ನಿಂತು ನೋಡಿ ಹೋದರು. ಅಷ್ಟು ಜನರ ಮಧ್ಯೆ ಮಲಗಿದ್ದರೂ ಹಿತ್ತಲ ಕೋಣೆಯಲ್ಲಿ ಮಲಗಿದ ಹಾಗೇ ಇತ್ತು.

ಮೂರನೇ ದಿನ ಅವ್ವ ಬಂದಳು. ನಾನು ಆರು ವರ್ಷದವಳಿದ್ದಾಗಲೇ ಅಪ್ಪ ಹೋಗಿದ್ದ. ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ನನ್ನನ್ನೂ ತಮ್ಮ ಹುಚ್ಚಪ್ಪನನ್ನೂ ಸಾಕಿದವಳು. ಬಾಯಿ ಜೋರು. ಅವಳು ಬೈದದ್ದು ಫಲಿಸುತ್ತದೆ ಅಂತ ಹೊಸಬಾಳೆಯಲ್ಲಿ ಅವಳ ಹತ್ತಿರ ಜಗಳಕ್ಕೆ ಯಾರೂ ಬರುತ್ತಿರಲಿಲ್ಲ. ಮಂಚದ ತುದಿಗೆ ಕೂತು, ಹೆಂಗಿದೀಯ ಅಂತಲೂ ಕೇಳಲಿಲ್ಲ.

"ಬಸವಣ್ಣಗೆ ಹೇಳ್ಕಂಡಿದೀನಿ," ಅಂದಳು. "ನೀನು ಉಳಿದ್ರೆ ನಿನ್ನ ಬಾಯಿಗೆ ನೀಸು ಮುಟ್ಸಲ್ಲ ಅಂತ."

"ನನ್ನ ಬಾಯಿ ನೀನ್ಯಾಕೆ ಬರ್ಕೊಟ್ಟೆ?"

"ಹೆತ್ತೋಳು ನಾನು. ಮೊದಲ್ನೇ ತುತ್ತು ಇಟ್ಟೋಳೂ ನಾನೇ."

"ಎಷ್ಟು ದಿನಕ್ಕೆ?"

"ಉಳಿ ಮೊದ್ಲು. ಆಮೇಲೆ ನೋಡಾನ."

ಹರಕೆ ತಪ್ಪಿದರೆ ಅವಳ ಬದಲು ನನ್ನನ್ನು ತಗೊಂಡು ಹೋಗು ಅಂತಲೂ ಹೇಳಿದ್ದೇನೆ ಅಂದಳು. ಎದ್ದು ಹೊರಟಳು. ಸಂಜೆ ಬಸ್ಸು ತಪ್ಪಿದರೆ ನಡೆಯಬೇಕಿತ್ತು.

ನಮ್ಮಲ್ಲಿ ಹರಕೆ ಹೊರುವವರು ಅಗ್ಗದ್ದು ಕೊಡುವುದಿಲ್ಲ. ತನಗೆ ಯಾವುದು ಪ್ರಾಣವೋ ಅದನ್ನು ಬಿಡಬೇಕು. ನನಗೆ ಮೀನು ಅಂದರೆ ಪ್ರಾಣ. ಕೆರೆಬೇಟೆ ದಿನ ಗಂಡಸರು ಕೆರೆಗಿಳಿದು ಬಿದಿರಿನ ಕೂಣಿ ಹಾಕಿ ಮೀನು ಹಿಡಿದು ತಂದರೆ, ಸಾರು ಇಳಿಸುವ ಮೊದಲೇ ಬಟ್ಟಲು ಹಿಡಿದು ಕೂರುತ್ತಿದ್ದವಳು ನಾನು. ಅದು ಅವ್ವನಿಗೆ ಗೊತ್ತಿತ್ತು. ಅದಕ್ಕೇ ಅದನ್ನೇ ಕೊಟ್ಟುಬಂದಿದ್ದಳು. ತನ್ನ ಜೀವವನ್ನೂ ಮೇಲೆ ಇಟ್ಟುಬಂದಿದ್ದಳು.

ಮಾರನೇ ದಿನ ಡಾಕ್ಟರು ಮನೆಯವರನ್ನು ಕರೆದು, ಇವಳಿಗೆ ದಿನಾ ಕುರಿಯ ಈಲಿ ಬೇಯಿಸಿ ತಿನ್ನಿಸು, ರಕ್ತ ಆಗುತ್ತೆ, ನೀವು ತಿನ್ನೋ ಜನ ಅಲ್ವಾ, ಸುಲಭ ಆಯಿತು ಅಂದರು. ಈಲಿ ಅಂದರೆ ಈಗ ನೀವು ಲಿವರ್ ಅನ್ನುತ್ತೀರಲ್ಲ, ಅದು.

ಸುಲಭ ಆಗಲಿಲ್ಲ. ಬಾಗಿಲ ಹತ್ತಿರ ಮನೆಯವರಿಗೆ ಹರಕೆಯ ವಿಷಯ ಹೇಳಿದೆ. ನಿಮ್ಮವ್ವ ಹೊತ್ತಿದ್ದು ನಿಮ್ಮವ್ವ ತೀರಿಸಲಿ, ಬಸವಣ್ಣ ಏನು ಇಂಜೆಕ್ಷನ್ ಕೊಡ್ತಾನಾ ಅಂದರು. ಅವರ ಮಟ್ಟಿಗೆ ಮಾತು ಮುಗಿಯಿತು. ಊರಿಗೆ ಹೋಗಲಿಲ್ಲ. ಶಿಕಾರಿಪುರದಲ್ಲೇ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸ ಹಿಡಿದರು. ಬೆಳಗ್ಗೆ ಕಟುಕರ ಅಂಗಡಿಯಿಂದ ಈಲಿ ತಂದು, ಗಿರಣಿಯ ಹಿಂದೆ ಮೂರು ಕಲ್ಲು ಹೂಡಿ ಬೇಯಿಸಿ, ಅಲ್ಯೂಮಿನಿಯಂ ಡಬ್ಬಿಯಲ್ಲಿ ತಂದು ಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದರು. ಅಲ್ಲಿವರೆಗೆ ಅವರು ಒಲೆಗೆ ಒಂದು ಸೌದೆ ದೂಡಿದವರಲ್ಲ. ಒಂದೊಂದು ದಿನದ್ದು ಉಪ್ಪೇ ಉಪ್ಪು ಅಂತ ಆಮೇಲೆ ಗೊತ್ತಾಯಿತು. ನನಗೆ ಗೊತ್ತಾದದ್ದು ಹೇಗೆ ಅಂದರೆ ಗೌರಕ್ಕ ಹೇಳಿದ್ದು.

ಗೌರಕ್ಕ ಅನ್ನುವುದು ನಿಜವಾದ ಹೆಸರಲ್ಲ. ಊರೂ ಹೇಳುವುದಿಲ್ಲ. ಅವಳು ಹೋಗಿ ಬಹಳ ವರ್ಷ ಆಯಿತು, ಅದಕ್ಕೇ ಇಷ್ಟಾದರೂ ಬರೆಯುತ್ತಿದ್ದೇನೆ. ಪಕ್ಕದ ಮಂಚದವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ನನ್ನದೇ ಕಾಯಿಲೆ. ಲಿಂಗ ಕಟ್ಟಿದ ಮನೆಯವರು, ಜಮೀನ್ದಾರರು. ಎರಡು ಹೆಣ್ಣು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದಿದ್ದಳು. ಅವರ ಮಾವ ಬಂದರೆ ಡಾಕ್ಟರೇ ಎದ್ದು ನಿಲ್ಲುತ್ತಿದ್ದರು. ಮೊಟ್ಟೆಯಾದರೂ ಕೊಡಿ ಅಂತ ಡಾಕ್ಟರು ಮೆಲ್ಲಗೆ ಅಂದದ್ದಕ್ಕೆ ಆ ಯಜಮಾನರು, ಅದೊಂದು ಮಾತು ಬಿಟ್ಟು ಬೇರೆ ಹೇಳ್ರಿ ಅಂದಿದ್ದರು. ಅವರು ಕೆಟ್ಟವರಲ್ಲ. ದಿನಾ ಸೊಪ್ಪು, ಬೆಲ್ಲ, ಜೋಳದ ರೊಟ್ಟಿ, ಹಾಲು ಕಳಿಸುತ್ತಿದ್ದರು. ಆದರೆ ಸೊಸೆ ಹೋದರೆ ಮಗನಿಗೆ ಇನ್ನೊಂದು ಹೆಣ್ಣು ನೋಡಿದ್ದಾರೆ ಅನ್ನುವುದು ಗೌರಕ್ಕನಿಗೆ ಗೊತ್ತಿತ್ತು. ಯಾರೋ ಹೇಳಿದ್ದರು. ಇಂಥದ್ದು ಹೇಳುವವರು ಎಲ್ಲಾ ಊರಲ್ಲೂ ಇರುತ್ತಾರೆ.

ಮೊದಲ ಕೆಲವು ದಿನ ನನ್ನ ಡಬ್ಬಿಯನ್ನು ಮಂಚದ ಕೆಳಗೆ ಇಟ್ಟು, ಸಂಜೆ ಹಿಂದಿನ ಬೇಲಿಗೆ ಚೆಲ್ಲಿದೆ. ಅನ್ನದ ಗಂಜಿ ಕುಡಿದು ಮಲಗಿದೆ. ಗೌರಕ್ಕ ನೋಡುತ್ತಿದ್ದಳು. ತಿನ್ನೋ ಜನ ಆಗಿ ಯಾಕೆ ತಿನ್ನಲ್ಲ ಅಂತ ಕೇಳಿದಳು, ಹೇಳಿದೆ. ಅವಳು ತನ್ನ ರೊಟ್ಟಿಯಲ್ಲಿ ಒಂದು ಮುರಿದು, ಮೇಲೆ ಹರಿವೆ ಸೊಪ್ಪಿನ ಪಲ್ಯ ಹಾಕಿ, ನನ್ನ ಕೈಗೆ ತಾಗದ ಹಾಗೆ ಮೇಲಿನಿಂದ ಬಿಟ್ಟಳು. ನಾನು ಮುಟ್ಟಿದ ನೀರು ಅವಳು ಕುಡಿಯುವ ಹಾಗಿರಲಿಲ್ಲ. ಕೊಡಬಹುದಿತ್ತು, ತಗೊಳ್ಳುವ ಹಾಗಿರಲಿಲ್ಲ. ಆಗಿನ ಕಾಲ ಹಾಗೆ. ನನಗೆ ಕೋಪ ಬರಲಿಲ್ಲ, ಹಸಿವಾಗಿತ್ತು.

ಇಬ್ಬರಿಗೂ ದಿನ ಬಿಟ್ಟು ದಿನ ಇಂಜೆಕ್ಷನ್ ಕೊಡುತ್ತಿದ್ದರು. ಕುಂಡೆಗೆ. ಎರಡು ದಿನ ಕೂರಲಾಗದಷ್ಟು ನೋವು. ಕಂದು ಬಣ್ಣದ ಔಷಧಿ. ಒಂದು ದಿನ ಗೌರಕ್ಕ ಕಾಂಪೌಂಡರನ್ನು ಇದು ಯಾವ ಬೇರಿನ ರಸಾರೀ ಅಂತ ಕೇಳಿದಳು. ಅವನು ಸತ್ಯವಂತ, ಬೇರಲ್ಲಮ್ಮ, ಪ್ರಾಣಿಯ ಈಲಿಯಿಂದಲೇ ತೆಗೆದದ್ದು ಅಂದ. ಅವನು ಹೋದ ಮೇಲೆ ನಾನು ಎದ್ದು ಕೂತೆ. ಹರಕೆ ಕೆಟ್ಟಿತು ಅಂದೆ.

ಗೌರಕ್ಕ ಮಲಗಿದ್ದಲ್ಲೇ ಕೇಳಿದಳು, "ತಂಗಿ, ನಿಮ್ಮವ್ವ ಹರಕೆ ಹೊತ್ತಿದ್ದು ಬಾಯಿಗೋ ಕುಂಡಿಗೋ?"

ನಾವು ನಕ್ಕೆವು. ರಕ್ತ ಇಲ್ಲದವರು ನಕ್ಕರೆ ಕೆಮ್ಮು ಬರುತ್ತದೆ, ಕೆಮ್ಮಿದೆವು. ಆ ವಾರ್ಡಿನಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಆ ವಾರವೇ ಇಂಜೆಕ್ಷನ್ ಮುಗಿಯಿತು. ಶಿವಮೊಗ್ಗದಿಂದ ಬರಬೇಕು, ಯಾವಾಗ ಬರುತ್ತೋ ಹೇಳಲಾಗದು, ಅಲ್ಲಿವರೆಗೆ ಊಟದಲ್ಲೇ ರಕ್ತ ಮಾಡಿಕೊಳ್ಳಿ ಅಂದರು ಡಾಕ್ಟರು. ನನ್ನ ಕಡೆ ನೋಡಿ, ನೀನು ದಿನಾ ಈಲಿ ತಿನ್ತಿದೀಯಲ್ಲಮ್ಮ, ನಿನಗೆ ಭಯ ಇಲ್ಲ ಅಂದರು. ಗೌರಕ್ಕನ ಕಡೆ ನೋಡಿ ಏನೂ ಹೇಳದೆ ಹೋದರು. ಹೇಳದೆ ಹೋದದ್ದು ಅವಳಿಗೆ ಸರಿಯಾಗಿ ಕೇಳಿಸಿತು.

ಅವತ್ತು ಮಧ್ಯಾಹ್ನ ಡಬ್ಬಿ ಬಂದಾಗ ಅವಳು ಕೈ ಚಾಚಿದಳು. "ಇಲ್ಲಿ ಕೊಡು ಅದನ್ನ."

ಕೊಟ್ಟೆ. ಕೊರಳಲ್ಲಿದ್ದ ಲಿಂಗವನ್ನು ಸೆರಗಿನಲ್ಲಿ ಎರಡು ಸುತ್ತು ಸುತ್ತಿ ಎದೆಗೆ ಒತ್ತಿಕೊಂಡಳು. ಗೋಡೆಗೆ ಮುಖ ಮಾಡಿ ಕೂತು ತಿಂದಳು. ನಾನು ಮಂಚದ ಅಂಚಿಗೆ ಬಂದು ಬೇರೆಯವರಿಗೆ ಕಾಣದ ಹಾಗೆ ಅಡ್ಡ ಕೂತೆ. ಮೊದಲ ದಿನ ಎಲ್ಲಾ ವಾಂತಿ ಮಾಡಿದಳು. ಮಾರನೇ ದಿನ ಮತ್ತೆ ಕೈ ಚಾಚಿದಳು. ಅವತ್ತು ಒಳಗೆ ನಿಂತಿತು.

ನಿಮ್ಮ ದೇವರಿಗೆ ಗೊತ್ತಾಗಲ್ವಾ ಅಕ್ಕಾ ಅಂತ ಕೇಳಿದೆ. ಅಡ್ಡ ಮಾತು ನನ್ನದು.

"ಶಿವಗ ಗೊತ್ತಾಗ್ಲಿ ಬಿಡು, ಅವ ಎಲ್ಲಾ ನೋಡ್ಯಾನ," ಅಂದಳು. "ನಮ್ಮ ಮಾವಗ ಗೊತ್ತಾಗಬಾರದು. ಮನಿಗೆ ಸೇರಸಂಗಿಲ್ಲ ನನ್ನ. ಹುಡುಗ್ರನ್ನ ತೋರಸಂಗಿಲ್ಲ."

ನನ್ನ ಕೈ ಹಿಡಿದುಕೊಂಡಳು. ಮುಟ್ಟಬಾರದವಳ ಕೈ ಮುಟ್ಟಿದ್ದೇನೆ ಅನ್ನುವುದು ಅವಳಿಗೂ ಮರೆತಿತ್ತು. ಇದು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ ಅಂತ ಭಾಷೆ ಕೊಡು ಅಂದಳು. ಗಂಡನಿಗೂ ಇಲ್ಲ, ಹೆತ್ತವಳಿಗೂ ಇಲ್ಲ ಅಂತ ಕೊಟ್ಟೆ. ಹೆತ್ತವಳಿಗೂ ಅನ್ನುವುದನ್ನು ಅವಳು ಕೇಳಿರಲಿಲ್ಲ, ನಾನೇ ಸೇರಿಸಿದೆ. ಬಾಯಿಗೆ ಬಂತು, ಹೇಳಿಬಿಟ್ಟೆ.

ಹತ್ತೊಂಬತ್ತು ದಿನ ಹಾಗೆ ನಡೆಯಿತು. ನನ್ನ ಗಂಡ ಬೇಯಿಸಿದ ಈಲಿ ಅವಳು ತಿಂದಳು. ಅವಳ ಮಾವ ಕಳಿಸಿದ ಸೊಪ್ಪು, ಬೆಲ್ಲ, ರೊಟ್ಟಿ ನಾನು ತಿಂದೆ. ಖಾಲಿ ಡಬ್ಬಿ ತಗೊಳ್ಳುವಾಗ ಮನೆಯವರ ಮುಖ ನೋಡಬೇಕಿತ್ತು. ಇವತ್ತು ಮೆಣಸು ಜಾಸ್ತಿ ಆಯ್ತಾ ಅಂತ ಕೇಳುತ್ತಿದ್ದರು. ಗೌರಕ್ಕ ಹೇಳಿದ್ದನ್ನೇ ನಾನು ಹೇಳುತ್ತಿದ್ದೆ, ಇವತ್ತು ಹದವಾಗಿತ್ತು ಅಂತ. ಗಂಡನಿಗೆ ಸುಳ್ಳು ಹೇಳುವುದು ಕಷ್ಟ ಅಂತ ನನಗೆ ಆಗ ಅನಿಸಲಿಲ್ಲ. ಆಮೇಲೆ ಅನಿಸಿತು.

ಇಬ್ಬರೂ ಎದ್ದೆವು. ನನ್ನನ್ನು ಎಬ್ಬಿಸಿದ್ದು ಸೊಪ್ಪೋ, ಹುಳದ ಔಷಧಿಯೋ, ದವಾಖಾನೆಯ ಕಬ್ಬಿಣದ ಗುಳಿಗೆಯೋ, ಬಸವಣ್ಣನೋ ನನಗೆ ಗೊತ್ತಿಲ್ಲ. ನನ್ನನ್ನು ನೋಡಿ ಯಾರೂ ಡಾಕ್ಟರ ಮಾತು ಮೀರಬೇಡಿ. ನಾನು ಮೀರಿ ಉಳಿದದ್ದು ನನ್ನ ಜಾಣತನ ಅಲ್ಲ. ಗೌರಕ್ಕ ನನಗಿಂತ ನಾಲ್ಕು ದಿನ ಮೊದಲೇ ಹೊರಟಳು, ಕೆನ್ನೆಗೆ ಬಣ್ಣ ಬಂದಿತ್ತು. ಅವಳ ಮಾವ ವಾರ್ಡಿನ ಬಾಗಿಲಲ್ಲಿ ನಿಂತು, ನೋಡ್ರಿ ಡಾಕ್ಟ್ರೇ, ಬರೇ ಸೊಪ್ಪಿನಾಗ ಎದ್ದು ನಿಂತಳು ನಮ್ಮ ಸೊಸಿ ಅಂದರು. ಗೌರಕ್ಕ ನೆಲ ನೋಡಿದಳು. ಹೋಗುವಾಗ ನನ್ನ ಕಡೆ ತಿರುಗಲಿಲ್ಲ. ಸರಿಯಾಗೇ ಮಾಡಿದಳು.

ನಾನು ಊರಿಗೆ ಬಂದೆ. ಮನೆಯವರು ಮಾತು ಕಮ್ಮಿಯವರು ಅಂದೆನಲ್ಲ, ಇದೊಂದು ವಿಷಯದಲ್ಲಿ ಮಾತ್ರ ಊರೆಲ್ಲ ಹೇಳಿದರು. ದಿನಾ ಈಲಿ ಬೇಯಿಸಿ ತಿನ್ನಿಸಿ ಹೆಂಡತಿಯನ್ನು ಉಳಿಸಿಕೊಂಡೆ ಅಂತ. ಹೇಳುವ ಹಕ್ಕು ಅವರಿಗಿತ್ತು, ಮೂಟೆ ಹೊತ್ತ ಬೆನ್ನು ಇನ್ನೂ ಹುಣ್ಣಾಗಿತ್ತು. ಆ ವಾರ ಅತ್ತೆ ಕೋಳಿ ಕುಯ್ಯಿಸಿದರು, ನನಗೋಸ್ಕರ. ಮಣ್ಣಿನ ದಿನದಿಂದ ಮೊದಲ ಸಲ ನನ್ನ ತಟ್ಟೆ ಎಲ್ಲರ ತಟ್ಟೆಯ ಸಾಲಿಗೆ ಬಂದಿತ್ತು. ನಾನು ಬೇಡ ಅಂದೆ. ಹರಕೆ ಇದೆ ಅಂದೆ.

ಎಲ್ಲರೂ ಕೈ ನಿಲ್ಲಿಸಿದರು. ಮನೆಯವರು ನನ್ನ ಮುಖ ನೋಡಿದರು.

"ಅಲ್ಲಿ ನಾನು ಮಾಡಿದ್ದು ತಿಂದ್ಯಲ್ಲ," ಅಂದರು. "ಇಲ್ಲಿ ನಮ್ಮವ್ವ ಮಾಡಿದ್ದು ಬ್ಯಾಡ್ವಾ?"

ತಿಂದಿಲ್ಲ ಅನ್ನಬಹುದಿತ್ತು. ಅಂದರೆ ಆ ಹತ್ತೊಂಬತ್ತು ದಿನದ ಡಬ್ಬಿ ಎಲ್ಲಿ ಹೋಯಿತು ಅಂತ ಹೇಳಬೇಕಿತ್ತು. ಈಗಿನಿಂದ ಹರಕೆ ಅಂದೆ. ಆಗ ಅತ್ತೆ, ಪ್ಯಾಟೆ ದವಾಖಾನೇಲಿ ದೊಡ್ಡೋರ ಪಕ್ಕ ಮಲಗೆದ್ದು ಬಂದ್ಲಲ್ಲ, ನಮ್ಮನೆ ಸಾರು ಇನ್ನು ರುಚಿಸ್ತದಾ ಅಂದರು. ತಟ್ಟೆ ಮತ್ತೆ ಬೇರೆ ಆಯಿತು. ಈ ಸಲ ಒಲೆಯೂ ಬೇರೆ. ಚಿಕ್ಕ ಮಡಕೆಯಲ್ಲಿ ನನ್ನ ಸಾರು ನಾನೇ ಮಾಡಿಕೊಂಡೆ. ಅವರ ಮೀನೂ ನಾನೇ ಮಾಡುತ್ತಿದ್ದೆ, ರುಚಿ ನೋಡದೆ ಉಪ್ಪು ಹಾಕುವುದು ಕಲಿತೆ. ಕೆರೆಬೇಟೆ ದಿನ ಹೆಂಗಸರೆಲ್ಲ ಒಟ್ಟಿಗೆ ಕೂತು ಮುಳ್ಳು ತೆಗೆದು ತಿನ್ನುತ್ತಾ ಮಾತಾಡುತ್ತಾರೆ. ಆ ಮಾತೆಲ್ಲ ನನಗೆ ಅಡುಗೆ ಮನೆಯ ಆಚೆಯಿಂದ ಕೇಳುತ್ತಿತ್ತು. ತಿನ್ನುವುದು ಬಿಡುವುದು ಕಷ್ಟ ಅಲ್ಲ, ಆರು ತಿಂಗಳಲ್ಲಿ ನಾಲಿಗೆ ಮರೆಯುತ್ತದೆ. ಜೊತೆ ಕೂತು ತಿನ್ನುವುದು ಹೋಗುತ್ತದಲ್ಲ, ಅದು ಮರೆಯುವುದಿಲ್ಲ.

ಇದೆಲ್ಲಾ ಸಹಿಸಬಹುದಿತ್ತು. ಅವ್ವ ಬರಲಿಲ್ಲ. ನಾನು ಎದ್ದು ಓಡಾಡುತ್ತಿದ್ದೇನೆ ಅಂತ ತಿಳಿದೂ ಜಡೆಗೆ ಬರಲಿಲ್ಲ. ಎರಡು ತಿಂಗಳು ನೋಡಿ ನಾನೇ ಹೊಸಬಾಳೆಗೆ ಹೋದೆ. ಅವ್ವ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ತಲೆ ಎತ್ತಲಿಲ್ಲ. ನಿನ್ನ ಗಂಡ ಬಂದು ಎಲ್ಲಾ ಹೇಳಿ ಹೋದ ಅಂದಳು.

ಏನು ಹೇಳಿದರು ಅಂತ ಕೇಳಬೇಕಾಗಿರಲಿಲ್ಲ.

"ಅವ್ವಾ, ನಾನು ತಿಂದಿಲ್ಲ."

"ಹಂಗಾದ್ರೆ ಆ ಈಲಿ ಎಲ್ಲಿ ಹೋತು?"

"ನಾಯಿಗೆ ಹಾಕ್ದೆ."

ಮೊರ ಕೆಳಗಿಟ್ಟಳು. ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಹೊಟ್ಟಿನ ಧೂಳು ಮೆತ್ತಿದ ತಲೆ.

"ನಾಯಿ ತಿಂತು ಅಂತ ಆಣೆ ಮಾಡು."

ತಿಂದಿಲ್ಲ ಅಂತ ಆಣೆ ಮಾಡು ಅಂದಿದ್ದರೆ ಮಾಡುತ್ತಿದ್ದೆ. ಅವಳು ಕೇಳಿದ್ದು ಅದಲ್ಲ. ಆ ತಲೆಯನ್ನು ಮೊದಲೇ ದೇವರ ಹತ್ತಿರ ಒತ್ತೆ ಇಟ್ಟಿದ್ದಳು, ಅದರ ಮೇಲೆ ಸುಳ್ಳು ಆಣೆ ಇಡಲು ಧೈರ್ಯ ಬರಲಿಲ್ಲ. ಮೊದಲ ಕೆಲವು ದಿನ ಬೇಲಿಗೆ ಚೆಲ್ಲಿದ್ದನ್ನು ನಾಯಿ ತಿಂದಿರಬಹುದು. ಉಳಿದದ್ದು ತಿಂದವಳು ನಾಯಿಯಲ್ಲ. ಎರಡು ಮಕ್ಕಳ ತಾಯಿ, ನನಗೆ ರೊಟ್ಟಿ ಮುರಿದು ಕೊಟ್ಟವಳು. ನಿಜ ಹೇಳಿದರೆ ಅವ್ವನ ಬಾಯಿ ನನಗೆ ಗೊತ್ತಿತ್ತು. ಮಗಳ ಮೇಲಿನ ಅಪವಾದ ತೊಳೆಯಲು ಅವಳು ಸಂತೆಯಲ್ಲಿ ನಿಂತು ಹೇಳುತ್ತಿದ್ದಳು. ಶಿಕಾರಿಪುರದ ಸಂತೆಗೂ ಸುದ್ದಿ ಮುಟ್ಟಲು ಒಂದು ವಾರ ಬೇಕಾಗಿರಲಿಲ್ಲ.

ಕೈ ತೆಗೆದೆ. ಅವ್ವ ಮೊರ ಎತ್ತಿಕೊಂಡಳು. ಅವತ್ತು ನನಗೆ ಊಟಕ್ಕೆ ಹೇಳಲಿಲ್ಲ. ಹಾಗೇ ಸಂಜೆ ಬಸ್ಸಿಗೆ ಬಂದೆ.

ಆಮೇಲೆ ಎರಡು ವರ್ಷ ಹಬ್ಬಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಅವ್ವ ಮಾತಾಡುತ್ತಿದ್ದಳು. ಮಳೆ, ದನ, ಹುಚ್ಚಪ್ಪನ ಮದುವೆ, ಇಂಥದ್ದು. ಕಾಯಿಲೆಯ ಮಾತು ಎತ್ತುತ್ತಿರಲಿಲ್ಲ. ನಾನು ಅಲ್ಲಿ ಮಜ್ಜಿಗೆ ಅನ್ನ ಉಂಡರೆ ಯಾಕೆ ಅಂತ ಕೇಳುತ್ತಿರಲಿಲ್ಲ. ತೋರಿಕೆಗೆ ಉಣ್ಣುತ್ತಿದ್ದಾಳೆ ಅಂತ ತಿಳಿದಿದ್ದಳೋ ಏನೋ. ಹರಕೆ ಎಷ್ಟು ದಿನಕ್ಕೆ ಅಂತ ಕೇಳಬೇಕು ಅಂತ ಪ್ರತಿ ಸಲ ಹೋಗುತ್ತಿದ್ದೆ. ಕೆಟ್ಟ ಹರಕೆಗೆ ದಿನ ಲೆಕ್ಕ ಯಾಕೆ ಅಂದುಬಿಟ್ಟರೆ ಅಂತ ಕೇಳದೆ ಬರುತ್ತಿದ್ದೆ. ಈ ನಡುವೆ ಒಂದು ಸಲ ಶಿಕಾರಿಪುರದ ಸಂತೆಯಲ್ಲಿ ಗೌರಕ್ಕ ಎದುರಿಗೆ ಸಿಕ್ಕಳು, ಮಾವನ ಹಿಂದೆ, ಎರಡೂ ಹುಡುಗಿಯರ ಕೈ ಹಿಡಿದು. ಸೆರಗು ಎಳೆದುಕೊಂಡು ಹೋದಳು. ಹುಡುಗಿಯರು ಚೆನ್ನಾಗಿದ್ದರು. ನಾನು ಬಳೆ ಅಂಗಡಿ ಕಡೆ ತಿರುಗಿ ನಿಂತೆ.

ಮೂರನೇ ವರ್ಷ ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂತು. ಎಂಟನೇ ದಿನ ಹೋದಳು. ಸುದ್ದಿ ಬಂದು ನಾನು ಮುಟ್ಟುವ ಹೊತ್ತಿಗೆ ಎಲ್ಲಾ ಮುಗಿದಿತ್ತು. ಹೊಸಬಾಳೆಯವರು ನನಗೆ ದಾರಿ ಬಿಟ್ಟು ನಿಂತರು, ದುಃಖಕ್ಕಲ್ಲ. ಮಗಳು ಬಾಯಿ ಕಟ್ಟಲಿಲ್ಲ, ತಾಯಿ ಹೋದಳು ಅಂತ ಒಬ್ಬಳು ನನಗೆ ಕೇಳುವ ಹಾಗೇ ಹೇಳಿದಳು. ಒಂದು ಕ್ಷಣ ನನಗೂ ಅನುಮಾನ ಬಂತು, ಆ ಇಂಜೆಕ್ಷನ್ನು ಲೆಕ್ಕಕ್ಕೆ ಬಂತಾ ಅಂತ. ಮೂರು ವರ್ಷ ಬಿಟ್ಟು ಬರುವ ದೇವರು ಯಾವನು ಅಂತ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಹನ್ನೊಂದು ದಿನ ತಮ್ಮನ ಮನೆಯಲ್ಲಿ ಇದ್ದೆ, ಯಾರೂ ನನ್ನ ಪಕ್ಕ ಕೂರಲಿಲ್ಲ.

ದಿವಸದ ದಿನ ಸತ್ತವರಿಗೆ ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೇ ಎಡೆ ಇಡುವುದು ನಮ್ಮಲ್ಲಿ ರೂಢಿ. ಅವ್ವನಿಗೆ ಒಣಮೀನಿನ ಸಾರು, ಕೋಳಿ, ಕಡುಬು ಇಟ್ಟರು. ಆ ಎಡೆಯಿಂದ ತೆಗೆದ ತುತ್ತನ್ನು ಹೆತ್ತ ಮಕ್ಕಳು ಮೊದಲು ತಿನ್ನಬೇಕು. ತಿನ್ನದಿದ್ದರೆ ಸತ್ತವರು ಹಸಿದು ಹೋಗುತ್ತಾರೆ ಅನ್ನುತ್ತಾರೆ. ಸಾಲಿನಲ್ಲಿ ಎಲೆ ಮುಂದೆ ಕೂತೆ. ಎಲ್ಲರ ಕಣ್ಣೂ ನನ್ನ ಎಲೆ ಮೇಲೆ. ತಿಂದರೆ ಇವತ್ತು ಕಣ್ಣಾರೆ ಕಂಡೆವು ಅನ್ನುತ್ತಾರೆ. ಬಿಟ್ಟರೆ ಹೆತ್ತವಳನ್ನು ಹಸಿದು ಕಳಿಸಿದಳು ಅನ್ನುತ್ತಾರೆ.

ಹುಚ್ಚಪ್ಪ ಎಡೆಯ ತಟ್ಟೆ ಹಿಡಿದು ಬಂದ. ತನ್ನ ಎಲೆಗೆ ಹಾಕಿಕೊಂಡ. ನನ್ನ ಎಲೆಯ ಹತ್ತಿರ ನಿಂತ. ಎಡೆಯಲ್ಲಿದ್ದ ಕಡುಬಿನ ಒಂದು ಚೂರನ್ನು ಸಾರು ತಾಗದ ಕಡೆಯಿಂದ ಮುರಿದು ಹಾಕಿ ಮುಂದೆ ಹೊರಟ. ಸಾಲಿನ ತುದಿಯಿಂದ ಚಿಕ್ಕಪ್ಪ ಅಂದರು, ಅಕ್ಕನಿಗೆ ಮೀನು ಹಾಕೋ ಮಾರಾಯ, ದೊಡ್ಡ ಮಗಳು ಅದು.

"ಹಾಕಲ್ಲ," ಅಂದ ಹುಚ್ಚಪ್ಪ. "ಅವ್ವ ಹೇಳಿತ್ತು, ಅಕ್ಕನ ಎಲೆಗೆ ಯಾವತ್ತೂ ನೀಸು ಹಾಕ್ಬ್ಯಾಡ ಅಂತ. ದವಾಖಾನೇಲೂ ಅವಳು ತಿಂದಿಲ್ಲ ಅಂತು."

ಯಾವಾಗ ಹೇಳಿದಳು ಅಂತ ಕೇಳಿದೆ. ಜ್ವರ ಬರುವುದಕ್ಕೆ ಬಹಳ ಮೊದಲೇ, ಭತ್ತ ಕೇರುವಾಗ ಅಂದ. ನೀನು ಬಂದು ಹೋದ ಮಾರನೇ ದಿನ ಇರಬೇಕು ಅಂದ. ಅವನ ಕೈಯಲ್ಲಿ ತಟ್ಟೆ ಇತ್ತು, ಸಾಲು ಉದ್ದ ಇತ್ತು, ಮುಂದೆ ಹೋದ.

ಎರಡು ವರ್ಷ ಅವ್ವ ನನ್ನ ಎದುರಿಗೆ ಮಳೆ ದನ ಅಂತ ಮಾತಾಡುತ್ತಾ ಕೂತಿದ್ದಳು. ಮುಖಕ್ಕೆ ಒಂದು ಸಲ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು ಅಂತ ಅವತ್ತು ಸಿಟ್ಟು ಬಂತು, ಇವತ್ತೂ ಬರುತ್ತದೆ. ಆಮೇಲೆ ಬೇಳೆ ಸಾರಿನವರು ಬಂದರು. ಅನ್ನ ಬಿಸಿಯಾಗಿತ್ತು. ಕಡುಬಿನ ಚೂರನ್ನು ಮೊದಲು ತಿಂದು, ಉಂಡೆ.